ಶಾಲೆಯ ವಾರ್ಷಿಕ ಸಂಚಿಕೆ ತರುವುದು ಹೇಗೆ: ವಿದ್ಯಾರ್ಥಿ ಸಂಪಾದಕರಿಗೆ ಸಮಗ್ರ ಮಾರ್ಗದರ್ಶಿ

ವಾರ್ಷಿಕ ಸಂಚಿಕೆ ಕೈಗೆ ಬಂದ ಕೂಡಲೇ ಯಾರೂ ಸಂಪಾದಕೀಯ ಓದುವುದಿಲ್ಲ. ಮೊದಲು ತಮ್ಮ ಹೆಸರು ಹುಡುಕುತ್ತಾರೆ, ಆಮೇಲೆ ಗೆಳೆಯರದ್ದು. "ಏ, ಇದರಾಗ ನನ್ನ ಫೋಟೊನ ಇಲ್ಲಲೇ!" ಎಂದು ಒಬ್ಬ ಹುಡುಗ ಅಂದರೆ, ಉಳಿದ ಪುಟಗಳು ಎಷ್ಟೇ ಚೆಂದ ಇದ್ದರೂ ಅವನ ಮಟ್ಟಿಗೆ ಅದು ಬೇರೆಯವರ ಪುಸ್ತಕ. ಹಾಗಾಗಿ ಇಲ್ಲಿ ನಾನು ಎಲ್ಲಕ್ಕಿಂತ ಮುಂದೆ ಇಡುವುದು ಹೆಸರಿನ ಪಟ್ಟಿಯನ್ನು. ಕವಿತೆ, ಮುಖಪುಟ, ಬಣ್ಣ ಎಲ್ಲ ಅದರ ಹಿಂದೆ.

ವಿಜಯಪುರ ಕಡೆಯ ಒಂದು ಹೈಸ್ಕೂಲು, ಸುಮಾರು 400 ಮಕ್ಕಳು, ಎಂದು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಿಯು ಕಾಲೇಜಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಜೂನ್: ತಂಡ ಕಟ್ಟುವುದು

ಹತ್ತನೇ ತರಗತಿಯ ಬುದ್ಧಿವಂತರನ್ನೇ ಆರಿಸಿ ತಂಡ ಮಾಡುವ ರೂಢಿ ಇದೆ. ಇದು ನಡೆಯುವುದಿಲ್ಲ. ಪುಟಗಳು ಕೈಯಲ್ಲಿರುವ ಡಿಸೆಂಬರ್-ಜನವರಿಯಲ್ಲಿ ಅವರಿಗೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಎಲ್ಲ ಒಟ್ಟಿಗೇ ಬರುತ್ತವೆ. ಒಂಬತ್ತನೇ ತರಗತಿಯವರು ಅರ್ಧಕ್ಕಿಂತ ಜಾಸ್ತಿ ಇರಲಿ. ಮುಂದಿನ ವರ್ಷ ಅವರಿಗೆ ಕೆಲಸ ಗೊತ್ತಿರುತ್ತದೆ.

ಹತ್ತು-ಹನ್ನೆರಡು ಜನ ಸಾಕು. ಒಬ್ಬರು ಹೆಸರಿನ ಪಟ್ಟಿಗೆ, ಇಬ್ಬರು ಫೋಟೊಕ್ಕೆ, ಮೂವರು ಬರಹ ಕೂಡಿಸಲು, ಇಬ್ಬರು ಟೈಪಿಂಗ್ ಮತ್ತು ಪುಟ ಕಟ್ಟಲು, ಇಬ್ಬರು ಜಾಹೀರಾತು ಮತ್ತು ಹಣದ ಲೆಕ್ಕಕ್ಕೆ. ಇವರೆಲ್ಲರ ಮೇಲೆ ಒಬ್ಬ ವಿದ್ಯಾರ್ಥಿ ಸಂಪಾದಕ, ಒಬ್ಬ ಸರ್ ಅಥವಾ ಮೇಡಂ. ಹೆಸರಿನ ಪಟ್ಟಿಯ ಕೆಲಸಕ್ಕೆ ತರಗತಿಯಲ್ಲಿ ಹೆಚ್ಚು ಮಾತಾಡದ, ಆದರೆ ನೋಟ್‌ಬುಕ್ ಅಚ್ಚುಕಟ್ಟಾಗಿ ಇಡುವ ಹುಡುಗಿಯನ್ನೋ ಹುಡುಗನನ್ನೋ ಹುಡುಕಿ. ತಂಡದಲ್ಲಿ ದೊಡ್ಡ ಹುದ್ದೆ ಅದೇ.

ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ಎಣಿಸಿ. ಪುಸ್ತಕ ಮಕ್ಕಳ ಕೈಗೆ ಸೇರಬೇಕಾದದ್ದು ಫೆಬ್ರವರಿಯ ಬೀಳ್ಕೊಡುಗೆ ದಿನ. ಮಾರ್ಚ್ ಬಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಆಮೇಲೆ ಯಾರೂ ಸಿಗುವುದಿಲ್ಲ. ಪ್ರೆಸ್ಸಿಗೆ ಮೂರು ವಾರ ಕೊಡಿ. ಅಂದರೆ ಜನವರಿ ಮೂರನೇ ವಾರಕ್ಕೆ ಫೈಲ್ ಹೋಗಬೇಕು. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಆ ವಾರ ಊರಲ್ಲಿ ಯಾವ ಕೆಲಸವೂ ಸರಿಯಾಗಿ ನಡೆಯುವುದಿಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹೀಗೆ ಎಣಿಸಿದರೆ ಡಿಸೆಂಬರ್ 31ಕ್ಕೆ ಪುಟಗಳ ಬಾಗಿಲು ಹಾಕಬೇಕಾಗುತ್ತದೆ.

"ಸರ್, ಗ್ಯಾದರಿಂಗ್ ಜನವರಿಯಾಗ ಐತಿ, ಅದರ ಫೋಟೊ ಬ್ಯಾಡೇನು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಹಾಕಿ. ಒಂದು ಕಾರ್ಯಕ್ರಮಕ್ಕಾಗಿ ಕಾದರೆ ಪುಸ್ತಕ ಏಪ್ರಿಲ್‌ಗೆ ಹೋಗುತ್ತದೆ, ಹತ್ತನೆಯವರ ಪ್ರತಿಗಳು ಆಫೀಸಿನ ಕಪಾಟಿನಲ್ಲಿ ಉಳಿಯುತ್ತವೆ.

ಪುಟದ ಲೆಕ್ಕ

ಪುಟಗಳ ಸಂಖ್ಯೆ ಮನಸ್ಸಿಗೆ ಬಂದಂತೆ ಇಡಲು ಆಗುವುದಿಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಅದು 4ರಿಂದ ಭಾಗವಾಗಬೇಕು. ಆಫ್‌ಸೆಟ್ ಪ್ರೆಸ್ಸಿನಲ್ಲಿ (ತಗಡಿನ ಪ್ಲೇಟ್ ಮಾಡಿ ಅಚ್ಚು ಹಾಕುವ ಕಡೆ) ದೊಡ್ಡ ಹಾಳೆ ಅಚ್ಚಾಗಿ ಮಡಚಿದಾಗ 8 ಅಥವಾ 16 ಪುಟದ ಫಾರ್ಮ್ ಆಗುತ್ತದೆ. 64 ಒಳಪುಟ ಅಂದರೆ 16ರ ನಾಲ್ಕು ಫಾರ್ಮ್, ಜೊತೆಗೆ 4 ಪುಟದ ರಕ್ಷಾಪುಟ. 66 ಪುಟ ಎಂದರೆ ಎರಡು ಪುಟಕ್ಕಾಗಿ ಇನ್ನೊಂದು ಹಾಳೆಯ ಖರ್ಚು.

400 ಮಕ್ಕಳ ಬಿಡಿ ಫೋಟೊ ಹಾಕುವುದಾದರೆ ಎ4 ಪುಟಕ್ಕೆ ಅಡ್ಡ ನಾಲ್ಕು, ಉದ್ದ ಐದು, ಒಟ್ಟು 20. ಅಲ್ಲಿಗೆ 20 ಪುಟ ಹೋಯಿತು. ಸಿಬ್ಬಂದಿಗೆ 3, ವರ್ಷದ ಘಟನೆಗಳಿಗೆ 12, ಮಕ್ಕಳ ಬರಹಕ್ಕೆ 18, ಜಾಹೀರಾತಿಗೆ 6, ಮುಖ್ಯೋಪಾಧ್ಯಾಯರ ವರದಿ, ಸಂಪಾದಕೀಯ, ಪರಿವಿಡಿಗೆ 3, ಕೊನೆಗೆ ಗೆಳೆಯರ ಸಹಿಗೆ 2 ಖಾಲಿ ಪುಟ. ಈ ಖಾಲಿ ಪುಟಗಳು ಮಿನುಗಿಲ್ಲದ ಸಾದಾ ಮ್ಯಾಪ್ಲಿಥೊ ಕಾಗದದಲ್ಲೇ ಇರಲಿ. ಮಿನುಗುವ ಆರ್ಟ್ ಪೇಪರಿನ ಮೇಲೆ ಪೆನ್ನಿನ ಮಸಿ ಒಣಗುವುದಿಲ್ಲ, ಪುಟ ಮುಚ್ಚಿದರೆ ಸಹಿ ಎದುರಿನ ಪುಟಕ್ಕೆ ಅಂಟುತ್ತದೆ.

ಶುಭ ಸಂದೇಶಗಳ ಬಗ್ಗೆ ಒಂದು ಮಾತು. ಕೆಲವು ಸಂಚಿಕೆಗಳಲ್ಲಿ ಮೊದಲ ಹತ್ತು ಪುಟ ಗಣ್ಯರ ಸಂದೇಶವೇ. ಎಲ್ಲ ಸಂದೇಶಗಳಲ್ಲೂ ಅದೇ ನಾಲ್ಕು ಸಾಲು. ಎರಡು ಪುಟಕ್ಕಿಂತ ಜಾಸ್ತಿ ಕೊಡಬೇಡಿ, ಅದನ್ನೂ ಜಾಹೀರಾತಿನ ಪಾಲಿನಿಂದಲೇ ತೆಗೆಯಿರಿ. ಹಿರಿಯರನ್ನು ಒಪ್ಪಿಸುವ ಕೆಲಸ ನಿಮ್ಮ ಸರ್‌ಗೆ ಬಿಡಿ. ಇದು ವಿದ್ಯಾರ್ಥಿಗಳ ಜಗಳ ಅಲ್ಲ.

ಹೆಸರಿನ ಪಟ್ಟಿ

ತರಗತಿಯಲ್ಲಿ ಹಾಳೆ ಕಳಿಸಿ "ನಿಮ್ಮ ಹೆಸರು ಬರೀರಿ" ಅಂದರೆ ಆಗುವುದಿಲ್ಲ. ಒಬ್ಬ ಮನೆಯ ಹೆಸರು ಬರೆಯುತ್ತಾನೆ, ಒಬ್ಬಳು ಇನಿಶಿಯಲ್ ಮಾತ್ರ ಹಾಕುತ್ತಾಳೆ. ಆಫೀಸಿನ ದಾಖಲಾತಿ ರಜಿಸ್ಟರ್‌ನಿಂದಲೇ ಶುರು ಮಾಡಿ. ಗುಮಾಸ್ತರ ಎದುರಿಗೇ ಕೂತು, ಅವರು ಒಪ್ಪಿದ್ದನ್ನು ಮಾತ್ರ, ಅಂದರೆ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಇವಿಷ್ಟನ್ನು ಎತ್ತಿಕೊಳ್ಳಿ. ಆಮೇಲೆ ಆ ಪಟ್ಟಿಯನ್ನು ಪ್ರತಿ ತರಗತಿಗೆ ಒಯ್ದು ಪ್ರತಿಯೊಬ್ಬರಿಂದ ತಮ್ಮ ಹೆಸರಿನ ಮುಂದೆ ಸಹಿ ಮಾಡಿಸಿ. ತಪ್ಪಿದ್ದರೆ ಅಲ್ಲೇ ಕೆಂಪು ಮಸಿಯಲ್ಲಿ ತಿದ್ದಲಿ.

ನಮ್ಮ ಕಡೆ ಒಂದೇ ತರಗತಿಯಲ್ಲಿ ನಾಲ್ಕು ಬಿರಾದಾರ, ಮೂರು ಪಾಟೀಲ, ಎರಡು ಮುಲ್ಲಾ ಇರುವುದು ಮಾಮೂಲು. ಎರಡು 'ಸಂಗೀತಾ ಬಿರಾದಾರ' ಇದ್ದರೆ ತಂದೆಯ ಹೆಸರಿನ ಮೊದಲ ಅಕ್ಷರ ಸೇರಿಸಲೇಬೇಕು. ಇನ್ನು ಬರೆಯುವ ಬಗೆ. ಪಾಟೀಲ ಎಂದೋ ಪಾಟೀಲ್ ಎಂದೋ? ಚವ್ಹಾಣ, ಚವಾಣ, ಚೌಹಾಣ್, ಇವುಗಳಲ್ಲಿ ಯಾವುದು? ನಿಮ್ಮ ವ್ಯಾಕರಣ ಇಲ್ಲಿ ಬೇಡ. ಆ ಮನೆಯವರು ಹೇಗೆ ಬರೆಯುತ್ತಾರೋ ಹಾಗೆ. ಟೈಪ್ ಮಾಡುವವರು ಎಲ್ಲ ಪಾಟೀಲರನ್ನೂ ಒಂದೇ ಥರ ಮಾಡಿಬಿಡುವ ಆಸೆಗೆ ಬೀಳಬಾರದು.

ಈ ಪಟ್ಟಿ ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಇರಲಿ. ಹೆಸರಿನ ಪಕ್ಕ ಖಾಲಿ ಕಾಲಂಗಳನ್ನು ಇಡಿ: ಬಿಡಿ ಫೋಟೊ ಆಯಿತೇ, ಗುಂಪು ಫೋಟೊದಲ್ಲಿ ಇದ್ದಾರೆಯೇ, ಬೇರೆ ಯಾವ ಪುಟದಲ್ಲಿ ಬಂದಿದ್ದಾರೆ. ಪ್ರತಿ ಪುಟ ಕಟ್ಟಿದಾಗಲೂ ಅದರಲ್ಲಿ ಬಂದವರ ಹೆಸರಿನ ಮುಂದೆ ಪುಟಸಂಖ್ಯೆ ತುಂಬುತ್ತಾ ಹೋಗಿ. ನವೆಂಬರ್ ಕೊನೆಗೆ ಶೀಟ್ ತೆರೆದು ನೋಡಿದರೆ ವಿಷಯ ಬಯಲಾಗುತ್ತದೆ. ನಾಯಕ, ಆಟದ ಚಾಂಪಿಯನ್, ಡಾನ್ಸ್ ಮಾಡುವವರು ಏಳೆಂಟು ಪುಟಗಳಲ್ಲಿ ಇರುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಗಂಟೆ ಹೊಡೆದ ತಕ್ಷಣ ಬಸ್ಸಿಗೇ ಓಡುವ ಮಕ್ಕಳು ಬಿಡಿ ಫೋಟೊ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಡಿಸೆಂಬರ್ ತಿಂಗಳ ಕೆಲಸ ಅವರನ್ನು ಹುಡುಕುವುದು. ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂಜೆ ಅವರ ಜೊತೆ ಕೂತು "ಬಸ್ಸಿನ ಗೆಳೆಯರು" ಎಂದು ಎರಡು ಪುಟ ಮಾಡಿದರೆ ಒಂದೇ ಏಟಿಗೆ ಮೂವತ್ತು ಮಕ್ಕಳು ಒಳಗೆ ಬರುತ್ತಾರೆ. ಪುಟವೂ ಗ್ಯಾದರಿಂಗ್ ಫೋಟೊಗಳಿಗಿಂತ ಚೆನ್ನಾಗಿರುತ್ತದೆ.

ಫೋಟೊ

ಬಿಡಿ ಫೋಟೊ ಜುಲೈ-ಆಗಸ್ಟ್‌ನಲ್ಲೇ ಮುಗಿಸಿ. ಇದಕ್ಕೆ ಕಾರಣ ಇದೆ. ದಸರಾ ಕಳೆದು ಸಕ್ಕರೆ ಕಾರ್ಖಾನೆಗಳು ಶುರುವಾದವು ಎಂದರೆ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಮನೆಗಳಿವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ನವೆಂಬರಿನಲ್ಲಿ ಕ್ಯಾಮೆರಾ ತೆಗೆದರೆ ಆ ಮಕ್ಕಳು ಪುಸ್ತಕದಲ್ಲಿ ಇರುವುದೇ ಇಲ್ಲ. ಮೊದಲ ದಿನ ಬರದವರಿಗಾಗಿ ಹದಿನೈದು ದಿನ ಬಿಟ್ಟು ಎರಡನೇ ದಿನ ಇಡಿ.

ಗುಂಪು ಫೋಟೊಗೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಹೊತ್ತು ಒಳ್ಳೆಯದು. ನಮ್ಮ ಬಿಸಿಲು ಗೊತ್ತಲ್ಲ, ಹನ್ನೊಂದರ ಮೇಲೆ ಎಲ್ಲರ ಕಣ್ಣೂ ಅರ್ಧ ಮುಚ್ಚಿರುತ್ತದೆ, ಕಣ್ಣಿನ ಕೆಳಗೆ ಕಪ್ಪು ನೆರಳು. ಬೇವಿನ ಮರದ ಕೆಳಗೆ ನಿಲ್ಲಿಸುವುದೂ ಬೇಡ. ಎಲೆಗಳ ನಡುವೆ ಬಿದ್ದ ಬಿಸಿಲು ಮುಖದ ಮೇಲೆ ಬಿಳಿ ಚುಕ್ಕೆ ಮಾಡುತ್ತದೆ. ಕಟ್ಟಡದ ಪೂರ್ತಿ ನೆರಳಿನಲ್ಲಿ, ಬಯಲಿನ ಕಡೆ ಮುಖ ಮಾಡಿ ನಿಲ್ಲಿಸಿ. ಬೆಂಚಿನ ಮೇಲೆ ಒಂದು ಸಾಲು, ಅದರ ಮುಂದೆ ನಿಂತವರು, ಮುಂದೆ ಕುರ್ಚಿ, ನೆಲದ ಮೇಲೆ ಕೂತವರು. ಕನಿಷ್ಠ ಐದು ಸಲ ಕ್ಲಿಕ್ ಮಾಡಿ, ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ.

ಫೋಟೊ ಆದ ಮೇಲೆ ಯಾರನ್ನೂ ಕದಲಲು ಬಿಡಬೇಡಿ. ಹೆಸರಿನ ಪಟ್ಟಿಯವರು ಸಾಲಿನಂತೆ, ಎಡದಿಂದ ಬಲಕ್ಕೆ, ಅಲ್ಲೇ ಬರೆದುಕೊಳ್ಳಬೇಕು. ಎಡ ಅಂದರೆ ಫೋಟೊ ನೋಡುವವರ ಎಡ. ಮೂರು ತಿಂಗಳ ಮೇಲೆ ಕಂಪ್ಯೂಟರ್ ಮುಂದೆ ಕೂತು "ಮೂರನೇ ಸಾಲಿನಾಗ ಆರನೇದವ ಯಾರು?" ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಆ ದಿನ ಬರದವರ ಹೆಸರನ್ನು 'ಫೋಟೊದಲ್ಲಿ ಇಲ್ಲದವರು' ಎಂದು ಕೆಳಗೆ ಹಾಕಿ.

ಅಚ್ಚಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ (ಪಿಕ್ಸೆಲ್) ಬೇಕು. ಎ4 ಪೂರ್ತಿ ಪುಟದ ಫೋಟೊ ಎಂದರೆ 2480 × 3508 ಪಿಕ್ಸೆಲ್. ಈಗಿನ ಫೋನುಗಳು ಇದಕ್ಕಿಂತ ಜಾಸ್ತಿಯೇ ತೆಗೆಯುತ್ತವೆ. ಸಮಸ್ಯೆ ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಮಾಮೂಲಿ ರೀತಿ ಕಳಿಸಿದ ಫೋಟೊ ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. 300ರಿಂದ ಭಾಗಿಸಿ ನೋಡಿ, ಸುಮಾರು ಐದೂಕಾಲು ಇಂಚು ಬರುತ್ತದೆ. ಕಾಲು ಪುಟಕ್ಕೆ ನಡೆಯುತ್ತದೆ, ಪೂರ್ತಿ ಪುಟಕ್ಕೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಎಲ್ಲರಿಗೂ ಹೇಳಿ, ಇಲ್ಲವೇ ಡ್ರೈವ್‌ನಲ್ಲಿ ಹಾಕಿಸಿ, ಇಲ್ಲವೇ ಪೆನ್‌ಡ್ರೈವ್ ಹಿಡಿದುಕೊಂಡು ನೀವೇ ಹೋಗಿ. ಫೈಲಿಗೆ ದಿನಾಂಕ, ತರಗತಿ, ಕಾರ್ಯಕ್ರಮ, ತೆಗೆದವರ ಹೆಸರು ಇರಲಿ.

ಫೋಟೊದ ಕೆಳಗಿನ ಸಾಲು ಅಂದರೆ ನಮ್ಮಲ್ಲಿ "ಸ್ವಾತಂತ್ರ್ಯ ದಿನಾಚರಣೆಯ ಒಂದು ನೋಟ". ಇದರಿಂದ ಓದುವವರಿಗೆ ಏನು ಸಿಕ್ಕಿತು? ಯಾರು, ಏನು ಮಾಡುತ್ತಿದ್ದಾರೆ, ಆಮೇಲೆ ಏನಾಯಿತು, ಇಷ್ಟನ್ನು ಬರೆಯಿರಿ. "ಕಬಡ್ಡಿ ಫೈನಲ್‌ನ ಕೊನೆಯ ರೇಡ್‌ಗೆ ಹೊರಟ 9 ಬಿ ತರಗತಿಯ ಇಂಥವರು. ಎರಡು ಅಂಕ ತಂದರು, ಆದರೂ ತಂಡ ಒಂದು ಅಂಕದಿಂದ ಸೋತಿತು." ಇಪ್ಪತ್ತು ವರ್ಷದ ಮೇಲೆ ಪುಸ್ತಕ ತೆರೆದಾಗ ಈ ಸಾಲೇ ಬೇಕಾಗುವುದು.

ಅಂದ ಹಾಗೆ, ಮುಖಪುಟಕ್ಕೆ ಗೋಳಗುಮ್ಮಟ ಬೇಡ. ಬ್ಯಾಂಕಿನ ಕ್ಯಾಲೆಂಡರಿನಿಂದ ಹಿಡಿದು ಲಾಡ್ಜಿನ ಬೋರ್ಡಿನವರೆಗೆ ಎಲ್ಲ ಕಡೆ ಅದೇ ಇದೆ. ಅಲ್ಲಿಗೆ ಪ್ರವಾಸ ಹೋಗಿದ್ದರೆ ಒಳಪುಟದಲ್ಲಿ ಹಾಕಿ, ಅದೂ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತ ನಿಮ್ಮ ಮಕ್ಕಳ ಮುಖ. ಫೋನಿನಲ್ಲಿ ತೆಗೆಯಬಹುದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಬರಹ ಕೂಡಿಸುವುದು

ನೋಟಿಸ್ ಬೋರ್ಡಿನಲ್ಲಿ "ಲೇಖನ, ಕವನ, ನಗೆಹನಿಗಳನ್ನು ಆಹ್ವಾನಿಸಲಾಗಿದೆ" ಎಂದು ಹಾಕಿದರೆ ಬರುವುದು ಏನು ಗೊತ್ತಲ್ಲ? ತಾಯಿಯ ಬಗ್ಗೆ ಹನ್ನೆರಡು ಕವಿತೆ, ಅದರಲ್ಲಿ ಎಂಟು ಇಂಟರ್‌ನೆಟ್ಟಿನಿಂದ ಇಳಿಸಿದ್ದು. ಅನುಮಾನ ಬಂದ ಸಾಲನ್ನು ಗೂಗಲ್‌ನಲ್ಲಿ ಹುಡುಕಿ. ಸಿಕ್ಕರೆ ಎಲ್ಲರ ಮುಂದೆ ಬಯ್ಯಬೇಡಿ. "ಇದು ಬೇಡ, ನಿಮ್ಮ ಊರಿನ ಸಂತೆ ಬಗ್ಗೆ ಒಂದು ಪುಟ ಬರಕೊಡು" ಅನ್ನಿ. ಹೆಸರಾಂತ ಕವಿಗಳ ಕವಿತೆಯನ್ನು ಗೌರವದಿಂದ ಅವರದೇ ಹೆಸರಿನಲ್ಲಿ ಹಾಕುವುದಾದರೂ, ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಸ್ವಾಮ್ಯ ಇರುತ್ತದೆ ಎಂಬುದು ನೆನಪಿರಲಿ.

ವಿಷಯ ಕೊಟ್ಟು ಬರೆಸುವುದು ಹೆಚ್ಚು ಫಲ ಕೊಡುತ್ತದೆ. ದಸರಾ ರಜೆಗೆ ಹೋಗುವ ಮಕ್ಕಳಿಗೆ ಒಂದೊಂದು ಕೆಲಸ ಹಚ್ಚಿ. ಅಜ್ಜಿ ಹಾಡುವ ಬೀಸುವ ಪದ, ಕಣದಲ್ಲಿ ಹಿರಿಯರು ಹಾಡುತ್ತಿದ್ದ ಹಂತಿ ಪದ ಬರೆದುಕೊಂಡು ಬರಲಿ, ಹಾಡಿದವರ ಹೆಸರು ಮತ್ತು ಊರಿನ ಸಮೇತ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರ ಗುಂಪು, ಅಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಜೊತೆಗಾರರು, ಜನರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿಯೇ ಕನ್ನಡಕ್ಕೆ ಕೊಟ್ಟರು. ದ್ರಾಕ್ಷಿ ತೋಟದ ಮನೆಯವರಿದ್ದರೆ ಒಣದ್ರಾಕ್ಷಿ ಹೇಗೆ ಮಾಡುತ್ತಾರೆ ಎಂದು ಬರೆಯಲಿ. ಬಿಸಿಯೂಟದ ಅಡುಗೆಯವರ ಸಂದರ್ಶನ ಮಾಡಿ: ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾರೆ, 400 ಮಕ್ಕಳಿಗೆ ಎಷ್ಟು ಅಕ್ಕಿ, ಯಾವ ದಿನ ಯಾರು ಎರಡನೇ ಸಲ ಕೇಳುತ್ತಾರೆ. ಹೀಗೆ ಲೆಕ್ಕ ಕೇಳಿದರೆ ಮಾತು ತಾನಾಗಿ ಬರುತ್ತದೆ. "ನಿಮ್ಮ ಸಂದೇಶವೇನು?" ಎಂದು ಮಾತ್ರ ಕೇಳಬೇಡಿ.

'ತರಗತಿಯ ಹರಟೆಮಲ್ಲಿ', 'ತಡವಾಗಿ ಬರುವ ವೀರ' ಎಂಬಂಥ ಬಿರುದುಗಳ ಪುಟ ಮಕ್ಕಳಿಗೆ ಬಲು ಇಷ್ಟ. ಮಾಡಿ. ಆದರೆ ಬಣ್ಣ, ಎತ್ತರ, ದಪ್ಪ, ಜಾತಿ, ಮಾರ್ಕ್ಸ್, ಹುಡುಗ-ಹುಡುಗಿ ಜೋಡಿ, ಇವುಗಳ ಹತ್ತಿರ ಹೋಗಬಾರದು. ಉಳಿದದ್ದನ್ನೂ ಅಚ್ಚಿಗೆ ಮೊದಲು ಅವರಿಗೇ ತೋರಿಸಿ ಕೇಳಿ. ಮಕ್ಕಳ ಫೋನ್ ನಂಬರ್, ವಿಳಾಸ, ಹುಟ್ಟಿದ ದಿನಾಂಕ ಎಲ್ಲೂ ಬೇಡ. ಫೋಟೊ ಹಾಕಲು ಪಾಲಕರ ಒಪ್ಪಿಗೆಯ ಚೀಟಿಗೆ ಜೂನ್‌ನಲ್ಲೇ ಸಹಿ ತರಿಸಿ. ಪಿಡಿಎಫ್ ಅನ್ನು ಆನ್‌ಲೈನಿನಲ್ಲಿ ಹಂಚುವ ಯೋಚನೆ ಇದ್ದರೆ ಅದನ್ನೂ ಅದೇ ಚೀಟಿಯಲ್ಲಿ ಕೇಳಿ.

ಅಕ್ಷರ ಮತ್ತು ಪುಟ ವಿನ್ಯಾಸ

ತಂಡದ ಜೀವ ತಿನ್ನುವುದು ಫಾಂಟ್. ಮಕ್ಕಳು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ. ಊರಿನ ಅನೇಕ ಡಿಟಿಪಿ (ಟೈಪ್ ಮಾಡಿ ಪುಟ ಕಟ್ಟಿಕೊಡುವ) ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಮತ್ತು ಹಳೆಯ ನುಡಿ ಫಾಂಟ್. ಎರಡರ ಒಳಗಿನ ಸಂಕೇತಗಳು ಬೇರೆ. ಒಂದರಿಂದ ಒಂದಕ್ಕೆ ಬದಲಿಸುವ ಕನ್ವರ್ಟರ್‌ಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು, ಇಂಗ್ಲಿಷ್ ಪದ, ಅಂಕಿಗಳು ಇರುವ ಕಡೆ ಎಡವುತ್ತವೆ. ಬದಲಿಸಿದ ಪ್ರತಿ ಸಾಲನ್ನೂ ಮತ್ತೆ ಓದಲೇಬೇಕು. ಸಾಧ್ಯವಿದ್ದರೆ ಕೊನೆಯವರೆಗೂ ಯೂನಿಕೋಡ್‌ನಲ್ಲೇ ಉಳಿಯಿರಿ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಮೈಬರಹಕ್ಕೆ, 'ಬಾಲೂ ತಮ್ಮ' ಎಂಬ ಫಾಂಟ್ ತಲೆಬರಹಕ್ಕೆ ಚೆನ್ನಾಗಿವೆ, ಉಚಿತವೂ ಹೌದು. ಪುಟ ಕಟ್ಟಲು ಇನ್‌ಡಿಸೈನ್ ಸಿಕ್ಕರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಆಗಿದೆಯಾ ನೋಡಿ, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ. ಹಣ ಇಲ್ಲದವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶ ಇದೆ.

ಯೂನಿಕೋಡ್‌ನಲ್ಲೂ ಒಂದು ಕಿರಿಕಿರಿ ಇದೆ. ಸಾಧಕರ ಪುಟದಲ್ಲಿ ಹತ್ತು ಸಲ ಬರುವ 'ರ‍್ಯಾಂಕ್' ಪದ ಸುಮ್ನೆ ಟೈಪ್ ಮಾಡಿದರೆ ಅರ್ಕಾವತ್ತು ಸೇರಿ 'ರ್ಯಾಂಕ್' ಆಗುತ್ತದೆ. ಸರಿಯಾಗಿ ಮೂಡಿರುವ ಕಡೆಯಿಂದ ಕಾಪಿ ಮಾಡಿ ಅಂಟಿಸುವುದು ಸುಲಭ ದಾರಿ.

ಅಕ್ಷರ 11 ಅಥವಾ 12 ಪಾಯಿಂಟ್, ಸಾಲಿನ ಅಂತರ 15–16. ಇಂಗ್ಲಿಷ್ ಪುಟದ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಡೀ ಪುಸ್ತಕಕ್ಕೆ ಎರಡೇ ಫಾಂಟ್ ಸಾಕು. ಬರಹದ ಹಿಂದೆ ಗುಲಾಬಿ ಹೂವಿನ ಚಿತ್ರ ಇಡುವ ಡಿಟಿಪಿಯವರನ್ನು ಪ್ರೀತಿಯಿಂದಲೇ ತಡೆಯಿರಿ.

ಶಾಲೆಯಲ್ಲಿ ಉರ್ದು ವಿಭಾಗ ಇದ್ದರೆ ಆ ಪುಟಗಳನ್ನು ಪುಸ್ತಕದ ಹಿಂದಿನಿಂದ ಶುರು ಮಾಡಿ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ, ಹಾಗಾಗಿ ಹಿಂದಿನ ರಕ್ಷಾಪುಟವೇ ಅವರಿಗೆ ಮುಂದಿನದು. ಅಲ್ಲಿ ಜಾಹೀರಾತು ಮಾರಬೇಡಿ. ಈ ಪುಟಗಳನ್ನು ಉರ್ದು ಶಿಕ್ಷಕರು ಕೊನೆಯ ಪಿಡಿಎಫ್‌ನಲ್ಲೂ ನೋಡಬೇಕು. ಓದಲು ಬಾರದವರು ಪುಟ ಜೋಡಿಸಿದರೆ ಕಾಲಂಗಳು ಅದಲುಬದಲಾಗುತ್ತವೆ.

ಹಣ

ಖರ್ಚನ್ನು ಪುಟಗಳಿಂದ ಭಾಗಿಸಿ. ಒಂದು ಪುಟಕ್ಕೆ ಬಿದ್ದ ಖರ್ಚಿನ ಕನಿಷ್ಠ ಎರಡರಷ್ಟು ಒಂದು ಪುಟದ ಜಾಹೀರಾತಿನ ದರ ಇರಲಿ. ರಕ್ಷಾಪುಟದ ಒಳಬದಿಗೆ ಇನ್ನೂ ಜಾಸ್ತಿ. ಪುಸ್ತಕದಂಗಡಿ, ಜವಳಿ, ಗೊಬ್ಬರ-ಬೀಜದ ಅಂಗಡಿ, ಹಳೆಯ ವಿದ್ಯಾರ್ಥಿಗಳು, ಎಲ್ಲರ ಹತ್ತಿರ ಇಬ್ಬಿಬ್ಬರಾಗಿ, ಶಾಲೆಯ ಪತ್ರ ಮತ್ತು ರಸೀದಿ ಪುಸ್ತಕ ಹಿಡಿದು ಹೋಗಿ. ಗುಟ್ಕಾ, ತಂಬಾಕಿನವರದ್ದು ಬೇಡ. ಹಣ ಅದೇ ದಿನ ಆಫೀಸಿಗೆ ಕಟ್ಟಿ.

ಪ್ರೂಫ್ ಮತ್ತು ಪ್ರೆಸ್

ಪ್ರೂಫ್, ಅಂದರೆ ತಿದ್ದಲು ತೆಗೆಯುವ ಕರಡು ಪ್ರತಿ, ಕಾಗದದ ಮೇಲೆ ತೆಗೆಯಿರಿ. ಪರದೆಯ ಮೇಲೆ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ. ಮೂರು ಸುತ್ತು ಬೇಕು. ಮೊದಲ ಸುತ್ತಿನಲ್ಲಿ ಬರಹ: ಲ-ಳ, ನ-ಣ, ಶ-ಷ-ಸ, ಮಹಾಪ್ರಾಣ. ಎರಡನೆಯದು ಹೆಸರುಗಳು ಮಾತ್ರ. ಒಬ್ಬರು ಸಹಿ ಇರುವ ಪಟ್ಟಿಯಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪುಟದಲ್ಲಿ ಬೆರಳಿಟ್ಟು ನೋಡಬೇಕು, ಫೋಟೊದ ಮುಖ ಮತ್ತು ಹೆಸರು ಹೊಂದುತ್ತದೆಯೇ ಎಂದು ಆ ತರಗತಿಯವರೇ ಒಬ್ಬರು ಹೇಳಬೇಕು. ಮೂರನೆಯ ಸುತ್ತು ಪುಟಸಂಖ್ಯೆ, ಪರಿವಿಡಿ, ತಲೆಬರಹ. ದೊಡ್ಡ ಅಕ್ಷರದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಇದು ವಿಚಿತ್ರ ಆದರೂ ನಿಜ. ತಿದ್ದಿದ ಮೇಲೆ ತಿದ್ದಿದ ಜಾಗವನ್ನಷ್ಟೇ ನೋಡಿ ಬಿಡಬೇಡಿ, ಆ ಪುಟದ ಕೊನೆಯ ಸಾಲು ಉಳಿದಿದೆಯಾ ನೋಡಿ.

ಪ್ರೆಸ್ಸಿಗೆ ಕೊಡುವುದು ಪಿಡಿಎಫ್ ಮಾತ್ರ. ಫಾಂಟ್ ಒಳಗೇ ಸೇರಿರಬೇಕು, ಬಣ್ಣ ಸಿಎಂವೈಕೆ (ಅಚ್ಚಿನ ನಾಲ್ಕು ಮಸಿಗಳ ಲೆಕ್ಕದ್ದು), ಅಂಚಿನ ಆಚೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು). ಬರಹದ ಕಪ್ಪು ಒಂದೇ ಕಪ್ಪು ಮಸಿಯದಾಗಿರಲಿ. ನಾಲ್ಕು ಬಣ್ಣ ಕೂಡಿ ಆದ ಕಪ್ಪಾದರೆ ಸಣ್ಣ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಬಣ್ಣದ ಪುಟಗಳನ್ನು ಅಲ್ಲೊಂದು ಇಲ್ಲೊಂದು ಚೆಲ್ಲದೆ ಒಂದೇ ಫಾರ್ಮಿಗೆ ಕೂಡಿಸಿದರೆ ಖರ್ಚು ಇಳಿಯುತ್ತದೆ. ಒಳಗೆ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮ್ಯಾಪ್ಲಿಥೊ, ಬಣ್ಣದ ಪುಟಕ್ಕೆ 100ರ ಮೇಲಿನ ಆರ್ಟ್ ಪೇಪರ್, ರಕ್ಷಾಪುಟಕ್ಕೆ 250ರಿಂದ 300ರ ಆರ್ಟ್ ಕಾರ್ಡ್. ನೂರಿನ್ನೂರು ಪ್ರತಿ ಸಾಕಾದರೆ ಫೈಲಿನಿಂದ ನೇರ ಅಚ್ಚಾಗುವ ಡಿಜಿಟಲ್, 400 ದಾಟಿದರೆ ಆಫ್‌ಸೆಟ್‌ನ ದರವನ್ನೂ ಕೇಳಿ. ಮೂರು ಕಡೆಯಿಂದ ಬರಹದಲ್ಲಿ ದರಪಟ್ಟಿ ತನ್ನಿ. ಡಿಸೆಂಬರಿನಲ್ಲಿ ಕ್ಯಾಲೆಂಡರ್, ಆಮೇಲೆ ಲಗ್ನಪತ್ರಿಕೆ, ಪ್ರೆಸ್ಸಿನವರಿಗೆ ಪುರುಸೊತ್ತು ಇರುವುದಿಲ್ಲ. ನಿಮ್ಮ ಸರದಿಯನ್ನು ನವೆಂಬರಿನಲ್ಲೇ ಹೇಳಿಟ್ಟಿರಿ.

ಅಚ್ಚಾಗುವ ದಿನ ತಂಡದವರು ಪ್ರೆಸ್ಸಿಗೆ ಹೋಗಿ ನೋಡಿ. ವಿಜಯಪುರಕ್ಕೆ ಅಚ್ಚಿನ ಮನೆಯ ಹಳೆಯ ನಂಟಿದೆ. ವಚನಗಳನ್ನು ಹುಡುಕಿ ಪ್ರಕಟಿಸಿದ ಫ. ಗು. ಹಳಕಟ್ಟಿಯವರು 1925ರಲ್ಲಿ ಇದೇ ಊರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದರು, ಮರುವರ್ಷವೇ ಪತ್ರಿಕೆ ತಂದರು. ಆಗ ಒಂದೊಂದೇ ಸೀಸದ ಅಕ್ಷರ ಜೋಡಿಸಬೇಕಿತ್ತು. ಮೊದಲ ಹಾಳೆ ಬಂದ ಕೂಡಲೇ ಕೇಳಿ ಪಡೆದು, ಹೆಸರುಗಳ ಪುಟವನ್ನು ಇನ್ನೊಮ್ಮೆ ಓದಿ. ಪ್ಲೇಟ್ ಬದಲಿಸುವ ಖರ್ಚು 400 ಪುಸ್ತಕಗಳಿಗೆ ತಿದ್ದುಪಡಿ ಚೀಟಿ ಅಂಟಿಸುವುದಕ್ಕಿಂತ ಕಡಿಮೆ.

ಬೇಕಾದದ್ದಕ್ಕಿಂತ ಒಂದು 25 ಪ್ರತಿ ಹೆಚ್ಚು ಹಾಕಿಸಿ. ಎರಡು ಗ್ರಂಥಾಲಯಕ್ಕೆ, ಜಾಹೀರಾತು ಕೊಟ್ಟವರಿಗೆ ಒಂದೊಂದು, ಫೋಟೊ ತೆಗೆಸಿಕೊಂಡು ಆಮೇಲೆ ಗುಳೆ ಹೋದ ಮಕ್ಕಳಿಗೆ ಹೆಸರು ಬರೆದು ಕಟ್ಟಿಟ್ಟದ್ದು. ಆ ಕಟ್ಟನ್ನು ಅದೇ ಊರಿನ ಮಕ್ಕಳ ಕೈಯಲ್ಲಿ ಕಳಿಸಿ, ತಲುಪಿದ ಮೇಲೆ ಪಟ್ಟಿಯಲ್ಲಿ ಗುರುತು ಹಾಕಿ. ಯೂನಿಕೋಡ್ ಬರಹ, ಮೂಲ ಫೋಟೊ, ಪುಟಗಳ ಫೈಲ್, ಕೊನೆಯ ಪಿಡಿಎಫ್, ಡಿಸೆಂಬರ್ 31ರ ನಂತರದ ಗ್ಯಾದರಿಂಗ್ ಫೋಟೊ, ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ಆಫೀಸಿಗೆ, ಇನ್ನೊಂದು ಒಂಬತ್ತನೇ ತರಗತಿಯವರ ಕೈಗೆ.